ದುಬೈನಲ್ಲಿ ಕಾರಿಗೆ ಸಣ್ಣ ಆಕ್ಸಿಡೆಂಟ್ ಆದರೆ ಮೊದಲು ಏನು ಮಾಡಬೇಕು?

ಯಾರಿಗೂ ಪೆಟ್ಟಾಗಿಲ್ಲ, ಗಾಡಿ ಓಡುತ್ತದೆ ಅಂದರೆ ಮೊದಲು ಕಾರನ್ನು ರಸ್ತೆ ಬದಿಗೆ ತನ್ನಿ. ನಮ್ಮೂರಿನ ಹಾಗೆ ನಡುರಸ್ತೆಯಲ್ಲೇ ಪಂಚಾಯ್ತಿಗೆ ನಿಂತರೆ ಅದಕ್ಕೇ ಬೇರೆ ದಂಡ ಬೀಳಬಹುದು. ಯಾರಿಗಾದರೂ ಪೆಟ್ಟಾಗಿದ್ದರೆ ಕಾರನ್ನು ಅಲುಗಿಸದೆ ಪೊಲೀಸ್ ನಂಬರ್ 999ಕ್ಕೆ ಫೋನ್ ಮಾಡಿ.

ಎದುರಿನವರು "ಭಾಯ್, ಪೊಲೀಸ್ ಯಾಕೆ, ಐನೂರು ದಿರ್ಹಂ ಇಟ್ಕೊಳ್ಳಿ" ಅನ್ನಬಹುದು. ಒಪ್ಪಬೇಡಿ! ಪೊಲೀಸ್ ರಿಪೋರ್ಟ್ ಇಲ್ಲದೆ ಅಲ್ಲಿನ ಗ್ಯಾರೇಜಿನವರು ಬಂಪರ್ ತಗ್ಗನ್ನೂ ಎತ್ತುವ ಹಾಗಿಲ್ಲ, ಇನ್ಶೂರೆನ್ಸೂ ಸಿಗದು. ದುಬೈ ಪೊಲೀಸ್ ಆ್ಯಪ್‌ನಲ್ಲೇ ಇಬ್ಬರ ಲೈಸೆನ್ಸ್, ನಂಬರ್ ಪ್ಲೇಟ್, ಜಖಂ ಆದ ಭಾಗದ ಫೋಟೋ ಹಾಕಿದರೆ ರಿಪೋರ್ಟ್ ಬರುತ್ತದೆ. ತಪ್ಪು ಯಾರದು ಅಂತ ಜಗಳವಾದರೆ ಪೊಲೀಸರನ್ನೇ ಕರೆಸಿ. ಹಸಿರು ರಿಪೋರ್ಟ್ ಸಿಕ್ಕಿದರೆ ತಪ್ಪು ನಿಮ್ಮದಲ್ಲ, ಖರ್ಚು ಅವರ ಇನ್ಶೂರೆನ್ಸ್ ಮೇಲೆ. ಕೆಂಪು ಬಂದರೆ ನಿಮ್ಮ ಪಾಲಿಸಿ ತೆಗೆದು ಓದಿ. ಥರ್ಡ್ ಪಾರ್ಟಿ ಮಾತ್ರ ಇದ್ದರೆ ನಿಮ್ಮ ಕಾರಿನ ರಿಪೇರಿ ನಿಮ್ಮ ಜೇಬಿನಿಂದಲೇ.

ಅಬುಧಾಬಿಯಲ್ಲಿ ಇಂಥ ಕೇಸು ನೋಡುವುದು ಸಾಯಿದ್ ಎಂಬ ಕಂಪನಿ, ಶಾರ್ಜಾದಲ್ಲಿ ರಾಫಿದ್ ಎಂಬ ಕಂಪನಿ.

ಇನ್ನೊಂದು: ರೆಸಿಡೆನ್ಸ್ ವೀಸಾ ಆದಮೇಲೂ ಊರಿನ ಲೈಸೆನ್ಸಿನಲ್ಲೇ ಓಡಿಸುತ್ತಿದ್ದರೆ ಅದು ಅಲ್ಲಿ ನಡೆಯುವುದಿಲ್ಲ. ಆಗ ಸಣ್ಣ ಗೀರೂ ದೊಡ್ಡ ಕೇಸೇ.