ರೋಲಿನ ಮಿಸ್ತ್ರಿಯನ್ನು ಚೀಲ ಎಣಿಸಲು ಕೂರಿಸಿದರೆ

ಪತ್ರ: "ನಮ್ಮ ಬೇಳೆ ಮಿಲ್ಲಿನಲ್ಲಿ ಇಪ್ಪತ್ತು ವರ್ಷಗಳಿಂದ ಕಾಳಿನ ಸಿಪ್ಪೆ ಬಿಡಿಸುವ ರೋಲ್ ನೋಡಿಕೊಳ್ಳುತ್ತಿದ್ದ ಮಿಸ್ತ್ರಿಯನ್ನು ಚೀಲದ ಗೋದಾಮಿಗೆ ಹಾಕಿದೆವು. ಸಂಬಳದಲ್ಲಿ ಒಂದು ರೂಪಾಯಿಯೂ ಕಡಿತವಿಲ್ಲ. ಆದರೂ ಅವನು ಕಾರ್ಮಿಕ ಇಲಾಖೆಗೆ ದೂರು ಕೊಟ್ಟಿದ್ದಾನೆ. ಕಾಯಕವೇ ಕೈಲಾಸ ಎಂದ ನಾಡಿನಲ್ಲಿ ಚೀಲ ಎಣಿಸುವುದು ಅವಮಾನವೇ? ಕೊಟ್ಟ ಕೆಲಸ ಮಾಡದವರ ಬಗ್ಗೆ ಪತ್ರಿಕೆಯವರು ಬರೆಯುವುದೇ ಇಲ್ಲ." — ಮಿಲ್ ಮಾಲೀಕರೊಬ್ಬರು, ಕಲಬುರಗಿ

ಉತ್ತರ: ಸಾಹುಕಾರರೇ, ಬರೆಯುವುದೇ ಇಲ್ಲ ಎಂದಿರಿ, ಇಗೋ ಬರೆಯುತ್ತಿದ್ದೇನೆ. ತಾವು ಬಯಸಿದಂತೆಯೇ ಬರೆಯುತ್ತೇನೆಂಬ ಭರವಸೆ ಮಾತ್ರ ಕೊಡಲಾರೆ.

ಮೊದಲು ತಮಗೆ ಸಲ್ಲಬೇಕಾದದ್ದನ್ನು ಸಲ್ಲಿಸಿಬಿಡುತ್ತೇನೆ. ಯಾರನ್ನು ಯಾವ ಕೆಲಸಕ್ಕೆ ಹಾಕಬೇಕೆಂದು ತೀರ್ಮಾನಿಸುವ ಹಕ್ಕು ಮಾಲೀಕನಿಗೆ ಇದೆ. ಹಂಗಾಮು ಏರಿದಾಗ, ಯಂತ್ರ ಕೆಟ್ಟಾಗ ಆಳುಗಳನ್ನು ಅತ್ತಿತ್ತ ಹಾಕದೆ ಮಿಲ್ ನಡೆಯುವುದಿಲ್ಲ. ವರ್ಗಾವಣೆ ನೌಕರಿಯ ಭಾಗವೇ ಎಂದು ಸುಪ್ರೀಂ ಕೋರ್ಟ್ 1986ರಲ್ಲಿ, ನಮ್ಮ ರಾಜ್ಯದಿಂದಲೇ ಹೋದ ಬಿ. ವರದರಾವ್ ಪ್ರಕರಣದಲ್ಲಿ, ಸ್ಪಷ್ಟವಾಗಿ ಹೇಳಿದೆ. ಅಡ್ಡಾದಿಡ್ಡಿ ವರ್ಗಾವಣೆ ಸಂಸಾರವನ್ನೇ ಬುಡಮೇಲು ಮಾಡುತ್ತದೆ ಎಂಬ ಮಾತೂ ಅದೇ ತೀರ್ಪಿನಲ್ಲಿದೆ. ಅದನ್ನು ತಮ್ಮ ವಕೀಲರು ಓದಿ ಹೇಳಿರಲಿಕ್ಕಿಲ್ಲ.

ಆದರೆ ತಮ್ಮ ಪತ್ರಕ್ಕೆ ಎರಡನೆಯ ಪುಟವೂ ಇದೆಯಲ್ಲ! ರಾತ್ರಿ ಪಾಳಿಯ ಹೆಚ್ಚಿನ ಹೊತ್ತಿಗೆ ಇಮ್ಮಡಿ ಕೂಲಿ ಕೇಳಲು ಮಿಸ್ತ್ರಿ ನಾಲ್ಕು ಜನರನ್ನು ಕಟ್ಟಿಕೊಂಡು ಬಂದರು, ಮರುವಾರವೇ "ತಲೆ ತಣ್ಣಗಾಗಲಿ" ಎಂದು ಅವರನ್ನು ಗೋದಾಮಿಗೆ ಕಳುಹಿಸಿದೆವು ಎಂದು ತಾವೇ ಬರೆದಿದ್ದೀರಿ. ರೋಲಿನವರಿಗೆ ಯುಗಾದಿಗೆ ಕೊಡುವ ಬೇಳೆ ಚೀಲ ಗೋದಾಮಿನವರಿಗೆ ಇಲ್ಲವೆಂದೂ, ಅವರು ಹೋದ ಮೇಲೆ ನುಚ್ಚು ಹೆಚ್ಚು ಬೀಳುತ್ತಿದೆಯೆಂದೂ ಅಲ್ಲೇ ಇದೆ. ಇಷ್ಟು ಬಿಚ್ಚುಮನಸ್ಸಿನಿಂದ ಬರೆದವರ ಮೇಲೆ ಸಿಟ್ಟು ಮಾಡುವುದು ಕಷ್ಟ. ಇಮ್ಮಡಿ ಕೂಲಿಯಾದರೋ 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿಟ್ಟ ಮಾತು. ಮಿಸ್ತ್ರಿ ಹೊಸದೇನನ್ನೂ ಕೇಳಿಲ್ಲ.

ಒಬ್ಬನಿಗೆ ಶಿಕ್ಷೆ ಕೊಡಬೇಕಾದರೆ ಆರೋಪವನ್ನು ಬರೆದು ಕೊಡಬೇಕು, ಅವನ ಉತ್ತರ ಕೇಳಬೇಕು, ವಿಚಾರಣೆ ನಡೆಸಬೇಕು. ಜಾಗ ಬದಲಿಸಲು ಇದಾವುದರ ರಗಳೆಯೂ ಇಲ್ಲ. "ನಾಳೆಯಿಂದ ಅಲ್ಲಿ ಕೂತುಕೋ" ಎಂದರೆ ಮುಗಿಯಿತು. ಕಚೇರಿಯಿರಲಿ, ಕಾರ್ಖಾನೆಯಿರಲಿ, ಎಲ್ಲರಿಗೂ ಇದರ ರುಚಿ ಹತ್ತಿರುವುದು ಈ ಸಲೀಸಿನಿಂದಲೇ. 2008ರ ಸೋಮೇಶ್ ತಿವಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಳ್ಳದಾರಿಯನ್ನು ಹಿಡಿಯಿತು: ಶಿಕ್ಷೆಯ ಬದಲಿಗೆ ಹೊರಡಿಸಿದ ವರ್ಗಾವಣೆ ಆದೇಶ ನಿಲ್ಲುವುದಿಲ್ಲ ಎಂದಿತು. ಅದು ಸರ್ಕಾರಿ ನೌಕರನ ವ್ಯಾಜ್ಯ, ಮಿಲ್ಲಿಗೇಕೆ ಎನ್ನುವಿರಾ? ದುರುದ್ದೇಶದಿಂದ ಕಾರ್ಮಿಕನನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಎತ್ತಿಹಾಕುವುದು ಕೈಗಾರಿಕಾ ವಿವಾದಗಳ ಕಾಯ್ದೆಯ ಅನುಚಿತ ಪದ್ಧತಿಗಳ ಪಟ್ಟಿಯಲ್ಲಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೆ. ರೋಲಿನಿಂದ ಗೋದಾಮಿಗೆ ಅರ್ಧ ಫರ್ಲಾಂಗೂ ಇಲ್ಲ, ಇದು ವರ್ಗಾವಣೆಯೇ ಅಲ್ಲ ಎಂದು ವಕೀಲರು ವಾದಿಸಬಹುದು. ವಾದಿಸಲಿ, ಅದಕ್ಕೇ ಅವರಿಗೆ ಫೀಸು. ಆದರೆ ಯುಗಾದಿಯ ಚೀಲಕ್ಕೆ ಏನೆನ್ನುತ್ತಾರೆ? ದರ್ಜೆ, ಭತ್ಯೆ, ರೂಢಿಯಿಂದ ಬಂದ ಸೌಲಭ್ಯ ಇಂಥವನ್ನು ಬದಲಿಸುವ ಮುನ್ನ 21 ದಿನಗಳ ನೋಟಿಸ್ ಕೊಡಬೇಕು.

ಇನ್ನೊಂದು ಸೂಕ್ಷ್ಮವಿದೆ. ಕೆಲಸದಿಂದ ತೆಗೆದರೆ ಕಾರ್ಮಿಕ ಒಬ್ಬನೇ ವಿವಾದ ಹೂಡಬಹುದು. ಕೆಲಸ ಬದಲಿಸಿದರೆ ಸಂಘವೋ ಸಹಕಾರ್ಮಿಕರೋ ಬೆನ್ನಿಗೆ ನಿಲ್ಲಬೇಕು. ಮಿಸ್ತ್ರಿಯ ಜೊತೆ ಬಂದ ಆ ನಾಲ್ಕು ಜನ ತಮಗೇಕೆ ಅಷ್ಟು ಚುಚ್ಚಿದರೆಂಬುದು ನನಗೆ ಅರ್ಥವಾಗುತ್ತದೆ.

ಇನ್ನು ಕಾಯಕದ ಮಾತು. ಬಸವಕಲ್ಯಾಣ ನಮಗೆ ದೂರವೇನಲ್ಲ, ಆದ್ದರಿಂದ ಅಲ್ಲಿಯ ಮಾತನ್ನು ಸ್ವಲ್ಪ ಎಚ್ಚರದಿಂದ ಬಳಸೋಣ. ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಮೇದಾರ ಕೇತಯ್ಯ, ಅಂಬಿಗರ ಚೌಡಯ್ಯ: ಒಬ್ಬೊಬ್ಬರ ಹೆಸರಿನಲ್ಲೂ ಅವರವರ ಕೆಲಸ ಕೂತಿದೆ. ಎದುರು ಮಾತಾಡುವುದರಲ್ಲಿ ಚೌಡಯ್ಯ ತಮ್ಮ ಮಿಸ್ತ್ರಿಯನ್ನು ಮೀರಿಸಿದವನು. ಆದರೂ ಅವನ ದೋಣಿಯ ಹುಟ್ಟು ಕಿತ್ತುಕೊಂಡು ಬಟ್ಟೆ ಎಣಿಸಲು ಯಾರೂ ಕೂರಿಸಲಿಲ್ಲ. ಚೀಲ ಎಣಿಸುವುದು ಖಂಡಿತ ಅವಮಾನವಲ್ಲ. ಅದನ್ನು ಶಿಕ್ಷೆಯಾಗಿ ಹಂಚಿದಾಗ ಅವಮಾನವಾಗುವುದು ಮಿಸ್ತ್ರಿಗೆ ಮಾತ್ರವೂ ಅಲ್ಲ, ಆ ಗೋದಾಮಿನಲ್ಲಿ ವರ್ಷಗಟ್ಟಲೆ ಮರ್ಯಾದೆಯಿಂದ ಅದನ್ನೇ ಮಾಡಿಕೊಂಡು ಬಂದವನಿಗೂ.

ರೋಲಿನ ಕೆಲಸವನ್ನು ತಾವು ಹತ್ತಿರದಿಂದ ನೋಡಿದ್ದೀರೋ ಇಲ್ಲವೋ, ನಾನು ಕಪನೂರಿನ ಮಿಲ್ಲೊಂದರಲ್ಲಿ ನೋಡಿದ್ದೇನೆ. ಎಣ್ಣೆ ಸವರಿ ಅಂಗಳದಲ್ಲಿ ಹರವಿದ ತೊಗರಿಯಿಂದ ಮಿಸ್ತ್ರಿ ಒಂದು ಕಾಳು ಹೆಕ್ಕಿ ದವಡೆಯಲ್ಲಿ ಕಡಿದರು. ಇನ್ನೂ ಹಸಿ ಎಂದು ಉಗುಳಿದರು. ಇನ್ನೊಂದು ರಾಶಿಯ ಕಾಳು ಟಕ್ಕೆಂದಿತು. ಆಗ ಹೋಗಿ ರೋಲಿನ ಸಂದನ್ನು ಕೂದಲೆಳೆಯಷ್ಟು ಸರಿಸಿದರು. ತೇವ ಉಳಿದರೆ ಸಿಪ್ಪೆ ಬಿಡುವುದಿಲ್ಲ, ಒತ್ತಡ ಹೆಚ್ಚಾದರೆ ಬೇಳೆ ನುಚ್ಚಾಗುತ್ತದೆ. ಗುಲಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಾಗ ಮಣ್ಣನ್ನು ಹೊಗಳಿದೆವು, ತಳಿಯನ್ನು ಹೊಗಳಿದೆವು. ಆ ದವಡೆಯ ಲೆಕ್ಕ ಯಾವ ಕಡತದಲ್ಲೂ ಇಲ್ಲ.

ಇಷ್ಟಕ್ಕೂ ಈ ರೋಗ ತಮ್ಮ ಮಿಲ್ಲಿನಲ್ಲಿ ಹುಟ್ಟಿದ್ದಲ್ಲ. ರಾಜಧಾನಿಯ ಕಚೇರಿಗಳಲ್ಲಿ ಹೇಳಿದಂತೆ ಕೇಳದವನಿಗೆ ಹಾಕುವ ಬೆದರಿಕೆ ಯಾವುದು? "ಬೀದರಿಗೆ ಎತ್ತಿ ಹಾಕಿಸುತ್ತೇನೆ." ಯಾದಗಿರಿಗೆ ಆದೇಶ ಬಂದರಂತೂ ಮನೆಯಲ್ಲಿ ಸೂತಕದ ಮೌನ. ಹಾಗೆ ಬಂದವರು ಬ್ಯಾಗು ಬಿಚ್ಚುವ ಮೊದಲೇ ಮರಳುವ ಅರ್ಜಿ ಬರೆಯುತ್ತಾರೆ. ಕುರ್ಚಿ ಮತ್ತೆ ಖಾಲಿ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ವಿಧಿ ಸಂವಿಧಾನಕ್ಕೆ ಸೇರಿದರೂ, ಹೈದರಾಬಾದ್ ಕರ್ನಾಟಕ ಹೋಗಿ 2019ರಲ್ಲಿ ಕಲ್ಯಾಣ ಕರ್ನಾಟಕವಾದರೂ, ನಾವು ಅವರ ಪಾಲಿಗೆ ಚೀಲದ ಗೋದಾಮೇ. "ನಮ್ಮ ಜಿಲ್ಲೆಯೇನು ಅಪರಾಧಿಗಳ ಶಿಬಿರವೇ?" ಎಂದು ಹಿಂದೊಮ್ಮೆ ತಾವೇ ಸೊಗಸಾದ ಪತ್ರ ಬರೆದಿದ್ದಿರಿ, ನಾವು ಮೊದಲ ಪುಟದಲ್ಲೇ ಅಚ್ಚು ಹಾಕಿದ್ದೆವು. ಆ ಸಂಚಿಕೆಯನ್ನು ಇದರೊಡನೆ ಕಳುಹಿಸಿದ್ದೇನೆ, ಬಿಡುವಾದಾಗ ಓದಿ ನೋಡಿ.

ಹೊಸ ತೊಗರಿ ಗಂಜ್‌ಗೆ ಬರುವ ಮೊದಲು ಮಿಸ್ತ್ರಿಯನ್ನು ರೋಲಿಗೆ ಕರೆಯಿರಿ, ಹೆಚ್ಚಿನ ಹೊತ್ತಿನ ಬಾಕಿಯನ್ನು ಲೆಕ್ಕ ಹಾಕಿ ಕೊಡಿ. ಅವರು ನಿಜಕ್ಕೂ ತಪ್ಪು ಮಾಡಿದ್ದಾರೆಂದು ಅನ್ನಿಸಿದರೆ ಅದನ್ನು ಬರೆದು ಕೈಗೆ ಕೊಟ್ಟು ಉತ್ತರ ಕೇಳಿ. ದೀಪಾವಳಿ ಜಾಹೀರಾತನ್ನು ಮರುಪರಿಶೀಲಿಸುವ ಕುರಿತು ತಾವು ಕೊನೆಗೆ ಸೇರಿಸಿದ ಸಾಲನ್ನು ನಮ್ಮ ಜಾಹೀರಾತು ವಿಭಾಗಕ್ಕೆ ದಾಟಿಸಿದ್ದೇನೆ.

— ಸಂಪಾದಕ