ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಪ್ಲಸ್ ಟು ಮುಗಿಸಿದವರು ವಿದೇಶಿ ಭಾಷೆಯಲ್ಲಿ ಬಿಎ ಮಾಡಬಹುದೇ?

ಖಂಡಿತ ಮಾಡಬಹುದು. ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದಲ್ಲಿ (ಜೆಎನ್‌ಯು) ಜರ್ಮನ್, ಜಪಾನೀಸ್ ಮುಂತಾದವನ್ನು ಅಕ್ಷರದಿಂದಲೇ ಕಲಿಸುತ್ತಾರೆ, ಮೊದಲೇ ಬಂದಿರಬೇಕಿಲ್ಲ. ಪ್ರವೇಶ ಸಿಯುಇಟಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯ ಮೂಲಕ. ಹಲವರು ಎಡವುವುದು ಅರ್ಜಿಯಲ್ಲೇ: ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವ ಅವಕಾಶವಿದೆ ನಿಜ, ಆದರೆ ಆ ಕೋರ್ಸ್ ಕೇಳುವ ವಿಷಯಗಳನ್ನು ಆರಿಸದಿದ್ದರೆ ಅಂಕ ಎಷ್ಟಿದ್ದರೂ ಸೀಟಿಲ್ಲ. ಆ ವರ್ಷದ ಮಾಹಿತಿ ಪುಸ್ತಕ ನೋಡಿಯೇ ತುಂಬಿ.

ಯಾವ ಭಾಷೆ? ನನ್ನ ಮತ ಜಪಾನೀಸ್‌ಗೆ. ಕ್ರಿಯಾಪದ ಕೊನೆಗೆ, ವಿಭಕ್ತಿಯಂಥ ಪ್ರತ್ಯಯ ನಾಮಪದದ ನಂತರ, ಹ್ರಸ್ವ-ದೀರ್ಘ ಬದಲಾದರೆ ಅರ್ಥವೇ ಬೇರೆ. ಕನ್ನಡಿಗರಿಗೆ ವಾಕ್ಯ ಕಟ್ಟುವುದು ಬೇಗ ಒಗ್ಗುತ್ತದೆ. ತಡೆಯುವುದು ಲಿಪಿ. ನಿತ್ಯಬಳಕೆಯ ಅಧಿಕೃತ ಪಟ್ಟಿಯಲ್ಲೇ 2136 ಕಾಂಜಿ, ಅಂದರೆ ಚೀನೀ ಮೂಲದ ಅಕ್ಷರಗಳಿವೆ. ದಿನಕ್ಕೆ ಐದನ್ನಾದರೂ ಕೈಯಲ್ಲಿ ಬರೆಯಿರಿ, ಮೊಬೈಲಿನಲ್ಲಿ ನೋಡಿದರೆ ಸಾಲದು.

ಜರ್ಮನ್‌ನಲ್ಲಿ ತೊಡಕು ಲಿಂಗದ್ದು. ಅಲ್ಲಿ ಮೇಜು ಪುಲ್ಲಿಂಗ, ಬಾಗಿಲು ಸ್ತ್ರೀಲಿಂಗ, ಪುಸ್ತಕ ನಪುಂಸಕ. ಪದವನ್ನು ಅದರ ಲಿಂಗ ತೋರಿಸುವ ಡೆರ್, ಡಿ, ಡಾಸ್ ಸಮೇತವೇ ಕಂಠಪಾಠ ಮಾಡಿ. ಬಿಟ್ಟು ಕಲಿತರೆ ಮುಂದೆ ವಿಭಕ್ತಿಗಳೆಲ್ಲ ತಪ್ಪುತ್ತವೆ.

ಇಂಗ್ಲಿಷ್ ಓದನ್ನು ರಜೆಯಲ್ಲೇ ಗಟ್ಟಿ ಮಾಡಿಕೊಳ್ಳಿ. ಮುಂದೆ ಆ ದೇಶದ ಇತಿಹಾಸ, ಸಾಹಿತ್ಯ, ಅನುವಾದ ಬಂದಾಗ ನಿಘಂಟು, ಟಿಪ್ಪಣಿ ಹೆಚ್ಚಾಗಿ ಸಿಗುವುದು ಇಂಗ್ಲಿಷಿನಲ್ಲೇ.