ಓದುಗರ ಪ್ರಶ್ನೆ: ತಾರಸಿಯ ಸೋಲಾರ್‌ನಿಂದ ಪೂರ್ತಿ ಫಲ ಸಿಗುತ್ತಿದೆಯೇ?

ಪ್ರಶ್ನೆ: 3 ಕಿಲೋವ್ಯಾಟ್ ಪ್ಯಾನೆಲ್ ಹಾಕಿಸಿದ್ದೇವೆ. ಸುಡುವ ಬಿಸಿಲಿದ್ದರೂ ಆ್ಯಪ್‌ನಲ್ಲಿ 2.4 ಕಿಲೋವ್ಯಾಟ್ ದಾಟುವುದೇ ಇಲ್ಲ. ನಮಗೆ ಮೋಸವಾಗಿದೆಯೇ?

ಉತ್ತರ: ಇಲ್ಲ. ಪ್ಯಾನೆಲ್ ಹಿಂದೆ ಅಂಟಿಸಿರುವ ವ್ಯಾಟ್ ಪ್ರಯೋಗಾಲಯದ ಲೆಕ್ಕ. ಚದರ ಮೀಟರಿಗೆ 1000 ವ್ಯಾಟ್ ಬೆಳಕು ಬೀಳುವಾಗ, ಸೆಲ್ (ಪ್ಯಾನೆಲ್ ಒಳಗೆ ಕರೆಂಟ್ ಹುಟ್ಟಿಸುವ ಬಿಲ್ಲೆ) ಬಿಸಿ 25 ಡಿಗ್ರಿ ಇರುವಾಗ ಅಳೆದದ್ದು. ಮಟಮಟ ಮಧ್ಯಾಹ್ನ ತಾರಸಿಯ ಮೇಲಿನ ಸೆಲ್ 60-65 ಡಿಗ್ರಿಗೆ ಏರಿರುತ್ತದೆ. ಒಂದೊಂದು ಡಿಗ್ರಿ ಹೆಚ್ಚಿದಾಗಲೂ ಶೇ. 0.35ರಷ್ಟು ಇಳಿಯುತ್ತದೆ ಎಂದುಕೊಳ್ಳಿ. 40 ಡಿಗ್ರಿಗೆ ಶೇ. 14 ಹೋಯಿತು, 3000 ವ್ಯಾಟ್ 2580ಕ್ಕೆ ಬಂತು. ಧೂಳು, ವೈರ್, ಪ್ಯಾನೆಲ್‌ನ ಡಿಸಿಯನ್ನು ಮನೆಗೆ ಬೇಕಾದ ಎಸಿಯಾಗಿಸುವ ಇನ್ವರ್ಟರ್ ತಮ್ಮ ಪಾಲು ತೆಗೆದುಕೊಂಡ ಮೇಲೆ 2.4 ಉಳಿದರೆ ಅದು ಸರಿಯಾದ ಅಂಕಿಯೇ. ಮಳೆ ಬಿಟ್ಟು ತಂಗಾಳಿ ಬೀಸುತ್ತಿರುವಾಗ ಬಿಸಿಲು ಬಿದ್ದರೆ ಇದೇ ಪ್ಯಾನೆಲ್ ಇನ್ನೂ ಮೇಲೆ ಹೋಗುವುದನ್ನು ನೋಡುತ್ತೀರಿ. ಪ್ಯಾನೆಲ್ ಅಡಿಯಲ್ಲಿ ಗಾಳಿಯಾಡಲು ಕನಿಷ್ಠ 10-15 ಸೆಂಟಿಮೀಟರ್ ಜಾಗ ಬಿಡಿ ಎನ್ನುವುದು ಈ ಬಿಸಿಯ ಕಾರಣಕ್ಕೇ.

ಕ್ಷಣದ ಅಂಕಿ ಬಿಡಿ, ದಿನದ ಯೂನಿಟ್ ನೋಡಿ. ಕಿಲೋವ್ಯಾಟ್ × ಪೂರ್ಣ ಬಿಸಿಲಿಗೆ ಸಮನಾದ ಗಂಟೆಗಳು × 0.75 (ಬಿಸಿ, ಧೂಳು, ವೈರಿನಂಥ ನಷ್ಟ ಕಳೆದು ಉಳಿಯುವ ಪಾಲು). ಅಂಥ ಬಿಸಿಲು 5 ಗಂಟೆ ಸಿಕ್ಕರೆ 11 ಯೂನಿಟ್ ಚಿಲ್ಲರೆ. ಶುಭ್ರ ಆಕಾಶದ ದಿನವೂ 8 ದಾಟದಿದ್ದರೆ ಆಗ ಹುಡುಕಾಟ ಶುರು ಮಾಡಿ.

ಪ್ರಶ್ನೆ: ಇನ್ವರ್ಟರ್ 12 ಯೂನಿಟ್ ತೋರಿಸಿದ ದಿನ ಪಡೆದದ್ದನ್ನೂ ಕೊಟ್ಟದ್ದನ್ನೂ ಅಳೆಯುವ ನೆಟ್ ಮೀಟರಿನಲ್ಲಿ ‘ಕೊಟ್ಟದ್ದು’ ಏರಿದ್ದು 7 ಮಾತ್ರ. ಉಳಿದ 5 ಎಲ್ಲಿ ಹೋಯಿತು?

ಉತ್ತರ: ನಿಮ್ಮ ಮನೆಯಲ್ಲೇ ಖರ್ಚಾಯಿತು. ಉತ್ಪಾದನೆ ಮೊದಲು ಮನೆಯ ಲೋಡಿಗೆ ಹೋಗುತ್ತದೆ, ಮಿಕ್ಕಿದ್ದು ಮಾತ್ರ ಮೀಟರ್ ದಾಟುತ್ತದೆ. ಹಲವು ಡಿಜಿಟಲ್ ಮೀಟರುಗಳಲ್ಲಿ 1.8.0 ಎಂಬ ಸಾಲು ನೀವು ಗ್ರಿಡ್‌ನಿಂದ (ವಿದ್ಯುತ್ ಕಂಪನಿಯ ಲೈನಿನಿಂದ) ಪಡೆದದ್ದು, 2.8.0 ನೀವು ಕೊಟ್ಟದ್ದು. ಮನೆಯ ನಿಜವಾದ ಬಳಕೆ ಬೇಕಿದ್ದರೆ ಇನ್ವರ್ಟರಿನ ಯೂನಿಟ್‌ಗೆ ಪಡೆದದ್ದನ್ನು ಕೂಡಿ, ಕೊಟ್ಟದ್ದನ್ನು ಕಳೆಯಿರಿ.

ಪ್ರಶ್ನೆ: ಒಳ್ಳೆ ಬಿಸಿಲಿನ ಹೊತ್ತಲ್ಲೇ ಇನ್ವರ್ಟರ್ ‘ಗ್ರಿಡ್ ಓವರ್ ವೋಲ್ಟೇಜ್’ ಎಂದು ನಿಲ್ಲುತ್ತದೆ, ಐದು ನಿಮಿಷ ಬಿಟ್ಟು ತಾನಾಗಿ ಶುರುವಾಗುತ್ತದೆ. ಹಾಕಿದವರು ‘ಲೈನ್ ದೋಷ’ ಎಂದು ಕೈ ತೊಳೆದುಕೊಂಡರು.

ಉತ್ತರ: ಲೈನ್ ದೋಷವೂ ಇರಬಹುದು, ಅವರು ಎಳೆದ ವೈರಿನ ದೋಷವೂ ಇರಬಹುದು. ಅಳೆಯದೆ ಹೇಳುವ ಮಾತಲ್ಲ ಇದು.

ಇನ್ವರ್ಟರ್ ಕರೆಂಟನ್ನು ಹೊರಗೆ ತಳ್ಳಬೇಕಾದರೆ ತನ್ನ ವೋಲ್ಟೇಜನ್ನು ಮೀಟರಿನದಕ್ಕಿಂತ ಸ್ವಲ್ಪ ಮೇಲಿಡಬೇಕು. ಎಷ್ಟು ಮೇಲೆ ಎಂಬುದು ನಡುವಿನ ವೈರಿನ ಮೇಲೆ ನಿಂತಿದೆ. 230 ವೋಲ್ಟಿನಲ್ಲಿ 3 ಕಿಲೋವ್ಯಾಟ್ ಎಂದರೆ 13 ಆಂಪಿಯರ್. ಇನ್ವರ್ಟರಿನಿಂದ ಮೀಟರಿಗೆ 30 ಮೀಟರ್ ದೂರ, ವೈರ್ 2.5 ಸ್ಕ್ವೇರ್ ಎಂಎಂ ತಾಮ್ರ ಎಂದಿಟ್ಟುಕೊಳ್ಳಿ. ಹೋಗಿ ಬರುವ 60 ಮೀಟರಿಗೆ ರೋಧ ಸುಮಾರು 0.45 ಓಮ್, ಅಂದರೆ 6 ವೋಲ್ಟ್ ಏರಿಕೆ. ಮೀಟರಿನ ಬಳಿ 248 ಇದ್ದರೂ ಇನ್ವರ್ಟರಿಗೆ ಕಾಣುವುದು 254. ಅದರ ಮಿತಿ 253ಕ್ಕೆ ಇಟ್ಟಿದ್ದರೆ ನಿಲ್ಲಲೇಬೇಕು. ಅದೇ ದೂರಕ್ಕೆ 10 ಸ್ಕ್ವೇರ್ ಎಂಎಂ ಹಾಕಿದ್ದರೆ ಏರಿಕೆ ಒಂದೂವರೆ ವೋಲ್ಟ್ ಅಷ್ಟೆ.

ಹೀಗೆ ಪರೀಕ್ಷಿಸಿ. ಉತ್ಪಾದನೆ ಜೋರಾಗಿರುವಾಗ ಇಬ್ಬರು ಎಲೆಕ್ಟ್ರಿಷಿಯನ್‌ಗಳು ಏಕಕಾಲಕ್ಕೆ ಇನ್ವರ್ಟರಿನ ಎಸಿ ತುದಿಯಲ್ಲೂ ಮೀಟರಿನ ಬಳಿಯೂ ವೋಲ್ಟೇಜ್ ಅಳೆಯಲಿ. ವ್ಯತ್ಯಾಸ 3 ವೋಲ್ಟ್ ಮೀರಿದರೆ ವೈರ್ ದಪ್ಪ ಮಾಡಿಸಿ. ಅದಕ್ಕೂ ಮುನ್ನ ಎಂಸಿಬಿ, ಸಂಪರ್ಕ ಕಡಿಯುವ ಐಸೊಲೇಟರ್‌ಗಳ ಸ್ಕ್ರೂ ಬಿಗಿ ಇವೆಯೇ ನೋಡಿಸಿ. ಸಡಿಲವಾದ ಒಂದು ಟರ್ಮಿನಲ್ ಸಾಕು, ವೋಲ್ಟೇಜನ್ನೂ ತಿನ್ನುತ್ತದೆ, ಕರಕಲೂ ಆಗುತ್ತದೆ. ಇನ್ವರ್ಟರ್ ಬಂದ್ ಮಾಡಿದಾಗಲೂ ಮೀಟರಿನ ಬಳಿ 250ರ ಆಸುಪಾಸು ಇದ್ದರೆ ದೂರು ವಿದ್ಯುತ್ ಕಂಪನಿಗೆ ಹೋಗಬೇಕು. ಟ್ರಾನ್ಸ್‌ಫಾರ್ಮರಿನ ಟ್ಯಾಪ್ ಬದಲಿಸಿ ವೋಲ್ಟೇಜ್ ಇಳಿಸುವುದು ಅವರ ಕೆಲಸ. ಪಾಸ್‌ವರ್ಡ್ ಹಾಕಿ ಇನ್ವರ್ಟರಿನ ಮಿತಿಯನ್ನೇ 265ಕ್ಕೆ ಏರಿಸಿಕೊಡುತ್ತೇನೆ ಎಂದು ಯಾರಾದರೂ ಮುಂದೆ ಬಂದರೆ ಬೇಡ ಎನ್ನಿ. ನಿಯಮಕ್ಕೆ ವಿರುದ್ಧ ಎನ್ನುವುದು ಒಂದು, ಆ ವೋಲ್ಟೇಜನ್ನು ತಿನ್ನುವುದು ನಿಮ್ಮದೇ ಫ್ರಿಜ್ಜು ಟೀವಿಗಳು ಎನ್ನುವುದು ಇನ್ನೊಂದು.

ಪ್ರಶ್ನೆ: ಮಳೆ ಬಂದ ಮಾರನೆ ದಿನ ಇನ್ವರ್ಟರ್ 10-11 ಗಂಟೆಯ ತನಕ ಏಳುವುದಿಲ್ಲ. ‘ಇನ್ಸುಲೇಷನ್ ಫಾಲ್ಟ್’ ಎನ್ನುತ್ತದೆ. ಆಮೇಲೆ ಎಲ್ಲ ಸರಿ.

ಉತ್ತರ: ‘ಆಮೇಲೆ ಸರಿ’ ಎಂದು ಬಿಡಬೇಡಿ. ಪ್ರತಿ ಬೆಳಗ್ಗೆ ಶುರುವಾಗುವ ಮುಂಚೆ ಇನ್ವರ್ಟರ್ ಡಿಸಿ ವೈರುಗಳಿಂದ ಭೂಮಿಗೆ ಕರೆಂಟ್ ಸೋರುತ್ತಿದೆಯೇ ಎಂದು ಪರೀಕ್ಷಿಸುತ್ತದೆ. ಎಲ್ಲೋ ಒದ್ದೆಯಾಗಿ ಸೋರುತ್ತಿರುವುದು ಬಿಸಿಲೇರಿ ಒಣಗಿದ ಮೇಲೆ ನಿಲ್ಲುತ್ತದೆ, ದೋಷ ಅಲ್ಲೇ ಇರುತ್ತದೆ. ಸಾಮಾನ್ಯ ಅಪರಾಧಿಗಳು ಮೂರು: ತಾರಸಿಯ ನೀರಿನಲ್ಲಿ ಬಿದ್ದಿರುವ, ಪ್ಯಾನೆಲ್ ಕೇಬಲ್‌ಗಳನ್ನು ಜೋಡಿಸುವ ಎಂಸಿ4 ಕನೆಕ್ಟರ್, ಅಲ್ಯೂಮಿನಿಯಂ ಚೌಕಟ್ಟಿನ ಚೂಪು ಅಂಚಿಗೆ ಉಜ್ಜಿ ಸಿಪ್ಪೆ ಹೋದ ಕೇಬಲ್, ಇಲಿ ಅಳಿಲು ಕಡಿದ ಕೇಬಲ್. ಕಟ್ಟಲು ಬಳಸಿದ ಮಾಮೂಲಿ ಪ್ಲಾಸ್ಟಿಕ್ ಟೈ ಬಿಸಿಲಿಗೆ ಪುಡಿಯಾಗಿ ಕೇಬಲ್ ಜೋತು ಬೀಳುವುದರಿಂದಲೇ ಅರ್ಧಕ್ಕರ್ಧ ತೊಂದರೆ.

ಜಾಗ ಪತ್ತೆ ಮಾಡಲು ಒಳ್ಳೆಯ ಉಪಾಯವಿದೆ, ಒದ್ದೆ ಇರುವಾಗಲೇ ಮಾಡಬೇಕು. ಮೊದಲು ಎಸಿ, ಆಮೇಲೆ ಡಿಸಿ ಐಸೊಲೇಟರ್ ಬಂದ್. ಸ್ಟ್ರಿಂಗಿನ (ಒಂದಕ್ಕೊಂದು ಸರಣಿಯಾಗಿ ಜೋಡಿಸಿದ ಪ್ಯಾನೆಲ್ ಸಾಲಿನ) ಪ್ಲಸ್ಸಿನಿಂದ ಅರ್ಥಿಂಗಿಗೆ, ಮೈನಸ್ಸಿನಿಂದ ಅರ್ಥಿಂಗಿಗೆ ವೋಲ್ಟೇಜ್ ಅಳೆಯಬೇಕು. ಸ್ಟ್ರಿಂಗ್ ಚೆನ್ನಾಗಿದ್ದರೆ ಅಂಕಿ ಜಾರುತ್ತಾ ಸೊನ್ನೆಯತ್ತ ಹೋಗುತ್ತದೆ. ದೋಷವಿದ್ದರೆ ಸ್ಥಿರವಾಗಿ ನಿಲ್ಲುತ್ತದೆ. ತಲಾ ಸುಮಾರು 50 ವೋಲ್ಟಿನ ಆರು ಪ್ಯಾನೆಲ್, ಒಟ್ಟು 300 ಎಂದುಕೊಳ್ಳಿ. ಪ್ಲಸ್ ಕಡೆ 100, ಮೈನಸ್ ಕಡೆ 200 ಬಂದರೆ, ಪ್ಲಸ್ಸಿನಿಂದ ಎಣಿಸಿ ಎರಡನೆಯ ಮತ್ತು ಮೂರನೆಯ ಪ್ಯಾನೆಲ್ ನಡುವಿನ ಜೋಡಣೆಯನ್ನು ನೋಡಿ. ಇದು ಜೀವ ತೆಗೆಯುವ ಡಿಸಿ, ಆದ್ದರಿಂದ ಬಲ್ಲವರಿಂದಲೇ ಮಾಡಿಸಿ. ಕರೆಂಟ್ ಹರಿಯುತ್ತಿರುವಾಗ ಎಂಸಿ4 ಎಳೆದರೆ ಕಿಡಿ ಹೊತ್ತಿಕೊಂಡು ಆರದೇ ಉರಿಯುತ್ತದೆ.

ಪ್ರಶ್ನೆ: ಮೂರು ಗಂಟೆಯ ನಂತರ ನೀರಿನ ಟ್ಯಾಂಕಿನ ನೆರಳು ಒಂದೇ ಪ್ಯಾನೆಲ್‌ನ ಮೂಲೆಗೆ ಬೀಳುತ್ತದೆ. ಅಷ್ಟಕ್ಕೆ ತಲೆಕೆಡಿಸಿಕೊಳ್ಳಬೇಕೇ?

ಉತ್ತರ: ಮೂಲೆ ಎಷ್ಟು ಎನ್ನುವುದರ ಮೇಲಿದೆ. ಸಾಮಾನ್ಯ ಪ್ಯಾನೆಲ್ ಒಳಗೆ ಮೂರು ಗುಂಪು ಸೆಲ್, ಗುಂಪಿಗೊಂದು ಬೈಪಾಸ್ ಡಯೋಡ್, ಅಂದರೆ ಕರೆಂಟಿಗೆ ಆ ಗುಂಪನ್ನು ಬಳಸಿ ಹೋಗುವ ದಾರಿ. ಒಂದು ಸೆಲ್ ಪೂರ್ತಿ ಮುಚ್ಚಿದರೂ ಆ ಗುಂಪೇ ಹೊರಗುಳಿದು ಪ್ಯಾನೆಲ್‌ನ ಮೂರನೇ ಒಂದು ಭಾಗ ಹೋಗುತ್ತದೆ. ಗುಂಪುಗಳು ಪ್ಯಾನೆಲ್‌ನ ಉದ್ದಕ್ಕೂ ಹಾಸಿರುತ್ತವೆ. ಹಾಗಾಗಿ ನಿಲ್ಲಿಸಿದ ಪ್ಯಾನೆಲ್‌ನ ಕೆಳ ಅಂಚಿಗೆ ಅಡ್ಡಲಾಗಿ ಬೀಳುವ ನೆರಳು ಮೂರನ್ನೂ ಹಿಡಿಯುತ್ತದೆ, ಅಡ್ಡ ಮಲಗಿಸಿದ ಪ್ಯಾನೆಲ್‌ನಲ್ಲಿ ಒಂದನ್ನಷ್ಟೇ. ಸಂಜೆಯ ನೆರಳಿನಲ್ಲಿ ಹೋಗುವುದು ಕಡಿಮೆ, ಹತ್ತರಿಂದ ಎರಡರ ನಡುವೆ ಬೀಳುವ ನೆರಳನ್ನು ಮಾತ್ರ ಸಹಿಸಬೇಡಿ. ಚಳಿಗಾಲದಲ್ಲಿ ಸೂರ್ಯ ಕೆಳಗಿರುತ್ತಾನೆ, ನೆರಳು ಇನ್ನೂ ಚಾಚುತ್ತದೆ, ಆಗೊಮ್ಮೆ ನೋಡಿ ನಿರ್ಧರಿಸಿ. ಪ್ರತಿ ಪ್ಯಾನೆಲ್‌ನ ಉತ್ಪಾದನೆಯನ್ನು ಬೇರೆಯಾಗಿ ಹೊಂದಿಸುವ ಆಪ್ಟಿಮೈಸರ್ ಕೊಳ್ಳುವುದಕ್ಕಿಂತ ಟ್ಯಾಂಕ್ ಸರಿಸುವುದೇ ಅಗ್ಗವಾಗುವುದುಂಟು.

ಪ್ರಶ್ನೆ: ತೊಳೆಯುವುದು ಎಷ್ಟು ದಿನಕ್ಕೊಮ್ಮೆ? ಸೋಪು ಹಾಕಬಹುದೇ?

ಉತ್ತರ: ದಿನ ಎಣಿಸಬೇಡಿ, ತೊಳೆದ ಮುನ್ನಾದಿನ ಮತ್ತು ಮಾರನೆ ದಿನದ ಯೂನಿಟ್ ಹೋಲಿಸಿ, ಎರಡೂ ದಿನ ಆಕಾಶ ಒಂದೇ ಥರ ಇರಲಿ. ವ್ಯತ್ಯಾಸ ಕಾಣದಿದ್ದರೆ ಅವಸರಪಟ್ಟಿರಿ ಎಂದರ್ಥ. ಬೆಳ್ಳಂಬೆಳಗ್ಗೆ, ಗಾಜು ತಣ್ಣಗಿರುವಾಗ, ಮೆತ್ತನೆ ಬ್ರಷ್ ಮತ್ತು ಸಾದಾ ನೀರು ಸಾಕು. ಸೋಪು ಜಿಡ್ಡು ಬಿಟ್ಟು ಧೂಳನ್ನೇ ಹಿಡಿಯುತ್ತದೆ. ಗಡಸು ನೀರಾದರೆ ಒಣಗುವ ಮುನ್ನ ವೈಪರ್‌ನಿಂದ ಎಳೆದುಬಿಡಿ, ಇಲ್ಲದಿದ್ದರೆ ಬಿಳಿ ಕಲೆ ಕೂರುತ್ತದೆ. ಇಳಿಜಾರು ಕಡಿಮೆ ಇರುವ ಪ್ಯಾನೆಲ್‌ಗಳಲ್ಲಿ ಕೆಳ ಅಂಚಿನ ಚೌಕಟ್ಟಿಗೆ ನೀರು ತಡೆದು ಎರಡು ಬೆರಳಗಲ ಕೆಸರಿನ ಪಟ್ಟಿ ಕಟ್ಟುತ್ತದೆ. ನಡುವೆ ಗಾಜು ಫಳಫಳ ಹೊಳೆಯುತ್ತಿದ್ದರೂ ಕೊನೆಯ ಸಾಲಿನ ಸೆಲ್‌ಗಳು ಅರೆಗತ್ತಲಲ್ಲಿರುತ್ತವೆ. ಮೊದಲು ಅದನ್ನು ತೆಗೆಯಿರಿ. ಪ್ಯಾನೆಲ್ ಮೇಲೆ ಕಾಲಿಡಬೇಡಿ, ಸೆಲ್ ಒಳಗೊಳಗೇ ಬಿರಿಯುತ್ತದೆ.

ಪ್ರಶ್ನೆ: ಬ್ಯಾಟರಿ ಸೇರಿಸಿದರೆ ಲಾಭವೇ? ಕರೆಂಟ್ ಹೋದಾಗ ಸೋಲಾರ್ ಕೂಡ ನಿಂತುಹೋಗುತ್ತದೆ.

ಉತ್ತರ: ಅದು ನಿಲ್ಲುವುದು ಲೈನ್ ಮೇಲೆ ಕೆಲಸ ಮಾಡುವವರ ಜೀವ ಉಳಿಸಲು. ಕರೆಂಟ್ ಹೋದಾಗಲೂ ಬೇಕೆಂದರೆ ಗ್ರಿಡ್ ಇಲ್ಲದಾಗ ಬ್ಯಾಟರಿಯಿಂದ ನಡೆಯಬಲ್ಲ ಹೈಬ್ರಿಡ್ ಇನ್ವರ್ಟರ್, ಬ್ಯಾಟರಿ ಎರಡೂ ಬೇಕು. ಬರೀ ಉಳಿತಾಯದ ಆಸೆಗಾದರೆ ಮೊದಲು ಲೋಡನ್ನು ಹಗಲಿಗೆ ತನ್ನಿ. ನೀವು ಕೊಡುವ ಯೂನಿಟ್ಟಿಗೆ ಸಿಗುವ ದರ ಕೊಳ್ಳುವ ದರಕ್ಕಿಂತ ಕಡಿಮೆ ಇದ್ದಲ್ಲಿ ಇದರಷ್ಟು ಸುಲಭದ ಗಳಿಕೆ ಇನ್ನೊಂದಿಲ್ಲ. 50 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 2 ಯೂನಿಟ್ ಬೇಕು. ಗೀಸರಿಗೆ ಟೈಮರ್ ಹಾಕಿ 11 ಗಂಟೆಗೆ ಕಾಯಿಸಿಟ್ಟರೆ ಅದೂ ಒಂದು ಬ್ಯಾಟರಿಯೇ. ಆದರೆ ಗೀಸರ್, ವಾಷಿಂಗ್ ಮಷೀನ್, ಪಂಪು ಮೂರನ್ನೂ ಒಟ್ಟಿಗೆ ಹಾಕಿದರೆ 2.4 ಕಿಲೋವ್ಯಾಟ್ ಮೀರಿ ಗ್ರಿಡ್‌ನಿಂದ ಕೊಳ್ಳುತ್ತೀರಿ. ಒಂದಾದ ಮೇಲೊಂದು ಹಾಕಿ.

ಇಷ್ಟಾದ ಮೇಲೂ ರಾತ್ರಿಗೆ 4 ಯೂನಿಟ್ ಬೇಕಾದರೆ 5 ಯೂನಿಟ್ಟಿನ ಲಿಥಿಯಂ ಫಾಸ್ಫೇಟ್ ಬ್ಯಾಟರಿ ಸಾಕು. ಲೆಡ್ ಆಸಿಡ್ ಆದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, 9ರ ಹತ್ತಿರ ಬೇಕಾಗುತ್ತದೆ.

ಪ್ರಶ್ನೆ: ಹಳೆ ಸ್ಟ್ರಿಂಗಿಗೆ ಹೊಸದಾಗಿ ಎರಡು ಪ್ಯಾನೆಲ್ ಸೇರಿಸಬಹುದೇ?

ಉತ್ತರ: ಆಂಪಿಯರ್ ಹೊಂದಿದರೆ ಮಾತ್ರ. ಸರಣಿಯಲ್ಲಿ ಕಡಿಮೆ ಆಂಪಿಯರಿನ ಪ್ಯಾನೆಲ್ ಉಳಿದವನ್ನೂ ತನ್ನ ಮಟ್ಟಕ್ಕೆ ಎಳೆಯುತ್ತದೆ. ಜೊತೆಗೆ ಎಲ್ಲ ಪ್ಯಾನೆಲ್‌ಗಳ ಓಪನ್ ಸರ್ಕ್ಯೂಟ್ (ಲೋಡ್ ಇಲ್ಲದಾಗಿನ) ವೋಲ್ಟೇಜ್ ಕೂಡಿ, ಚಳಿಯಲ್ಲಿ ಅದು ಇನ್ನೂ ಏರುವುದನ್ನೂ ಸೇರಿಸಿ, ಇನ್ವರ್ಟರಿನ ಗರಿಷ್ಠ ಡಿಸಿ ಮಿತಿಯೊಳಗಿದೆಯೇ ನೋಡಿ. ಮಿತಿ ದಾಟಿ ಸುಟ್ಟ ಇನ್ವರ್ಟರಿಗೆ ವಾರಂಟಿ ಸಿಗುವುದಿಲ್ಲ. ಇನ್ವರ್ಟರಿನಲ್ಲಿ ಇನ್ನೊಂದು ಎಂಪಿಪಿಟಿ (ಸ್ಟ್ರಿಂಗಿನಿಂದ ಗರಿಷ್ಠ ವಿದ್ಯುತ್ ಎಳೆಯುವ ಪ್ರತ್ಯೇಕ ಭಾಗ) ಖಾಲಿ ಇದ್ದು, ಅದು ಶುರುವಾಗುವ ಕನಿಷ್ಠ ವೋಲ್ಟೇಜು ಹೊಸ ಪ್ಯಾನೆಲ್‌ಗಳಿಂದ ಬರುವಂತಿದ್ದರೆ, ಅವನ್ನು ಬೇರೆ ಸ್ಟ್ರಿಂಗ್ ಮಾಡಿ ಅಲ್ಲಿಗೇ ಕೊಡಿಸಿ.